ಗಂಜಿ ಬಟ್ಟಲಲ್ಲಿ ಪ್ರೊಟೀನ್ ಎಷ್ಟು ಉಂಟು?

ಹೋದ ತಿಂಗಳು ಈ ಅಂಕಣದಲ್ಲಿ ಪ್ರೊಟೀನ್ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಹಿಡಿದು ಮುಳ್ಳೇರಿಯದವರೆಗೆ ಪತ್ರ, ವಾಟ್ಸಾಪ್ ಮೆಸೇಜು ಬಂದದ್ದೇ ಬಂದದ್ದು. ಸುತ್ತಿ ಬಳಸಿ ಎಲ್ಲರೂ ಕೇಳಿದ್ದು ಒಂದನ್ನೇ, ದಿನಕ್ಕೆ ಎಷ್ಟು ಬೇಕು ಅಂತ ಒಂದು ನಂಬರ್ ಹೇಳಿಬಿಡಿ. ಅದು ಆಗುದಿಲ್ಲ ಮಾರಾಯ್ರೆ, ಒಂದೇ ಪಾತ್ರೆಯ ಸಾರು ಉಣ್ಣುವ ಮನೆಯಲ್ಲಿ ಐದು ಜನ ಇದ್ರೆ ಐದು ಲೆಕ್ಕ. ಶುರು ಮಾಡ್ಲಿಕ್ಕೆ ಒಂದು ಅಳತೆ ಅಂತೂ ಉಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಆರೋಗ್ಯವಾಗಿರುವ ದೊಡ್ಡವರಿಗೆ ದೇಹದ ತೂಕದ ಪ್ರತಿ ಕೆಜಿಗೆ 0.83 ಗ್ರಾಂ, ಅಂದ್ರೆ 65 ಕೆಜಿಯ ಗಂಡಸಿಗೆ 54 ಗ್ರಾಂ, 55 ಕೆಜಿಯ ಹೆಂಗಸಿಗೆ 46 ಗ್ರಾಂ ಹತ್ರ. ಇದರಲ್ಲಿ ಒಂದು ವಿಷಯ ಗಮನಿಸಿ, ಗಂಡಸಿಗೂ ಹೆಂಗಸಿಗೂ ಕೆಜಿ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ, ಇರುವುದು ತೂಕದಲ್ಲಿ ಮಾತ್ರ. "ಅವರು ಗಂಡಸರು, ತೋಟಕ್ಕೆ ಹೋಗುವವರು, ಅವರಿಗೆ ಮೀನಿನ ನಡು ತುಂಡು, ನಮಗೆ ಸಾರು ಸಾಕು" ಅಂತ ನಮ್ಮ ಮನೆಗಳಲ್ಲಿ ನಡ್ಕೊಂಡು ಬಂದ ಹಂಚಿಕೆಗೆ ಈ ಪಟ್ಟಿಯಲ್ಲಿ ಎಲ್ಲಿಯೂ ಆಧಾರ ಇಲ್ಲ. ನನ್ನ ಅಮ್ಮ ಎಲ್ಲರದ್ದೂ ಆದ ಮೇಲೆ ಚಟ್ಟಿಯ ತಳದಲ್ಲಿ ಉಳಿದ ಮಸಾಲೆಗೆ ಅನ್ನ ಕಲಸಿ ಉಣ್ಣುದನ್ನು ನೋಡಿಯೇ ನಾನು ಬೆಳೆದದ್ದು, ಹಾಗಾಗಿ ಈ ಮಾತು ಪುನಃ ಪುನಃ ಹೇಳ್ತೇನೆ, ಬೇಜಾರು ಮಾಡ್ಬೇಡಿ.

ಇನ್ನು ಪತ್ರಗಳಿಗೆ ಬರುವ.

ಪ್ರಶ್ನೆ: ನಮ್ಮ ಅತ್ತೆಗೆ 76 ವರ್ಷ, ತೂಕ 48 ಕೆಜಿ. ನಾವು ಸಸ್ಯಾಹಾರಿಗಳು. ಬೆಳಿಗ್ಗೆ ಎರಡು ನೀರ್ದೋಸೆ, ಮಧ್ಯಾಹ್ನ ರಾತ್ರಿ ಕುಚ್ಚಲಕ್ಕಿ ಗಂಜಿ, ಚಟ್ನಿ, ಸ್ವಲ್ಪ ಸಾರು, ಮಜ್ಜಿಗೆ. ಒಂದು ವರ್ಷದಿಂದ ಕಾಲಲ್ಲಿ ಬಲ ಇಲ್ಲ, ಕೂತಲ್ಲಿಂದ ಏಳ್ಲಿಕ್ಕೆ ಗೋಡೆ ಹಿಡೀತಾರೆ. ಡಾಕ್ಟ್ರು ಪ್ರೊಟೀನ್ ಜಾಸ್ತಿ ಕೊಡಿ ಅಂದ್ರು, ಅತ್ತೆ "ಈ ಪ್ರಾಯದಲ್ಲಿ ನಂಗೆಂತಕ್ಕೆ, ಮಕ್ಕಳಿಗೆ ಕೊಡು" ಅಂತಾರೆ. ವಯಸ್ಸಾದ ಮೇಲೆ ಕಡಿಮೆ ಸಾಕಲ್ವಾ?
(ಒಬ್ಬರು ಸೊಸೆ, ಪೆರ್ಲ)

ಉತ್ತರ: ಅಕ್ಕ, ನಿಮ್ಮ ಡಾಕ್ಟ್ರು ಹೇಳಿದ್ದು ಸರಿ, ಮತ್ತೆ ಅತ್ತೆಯ ಹಾಗೆ ಯೋಚಿಸುವ ಅಜ್ಜಿಯಂದಿರು ನಮ್ಮಲ್ಲಿ ಮನೆಗೊಬ್ಬರು ಇದ್ದಾರೆ. ವಯಸ್ಸಾದ ಹಾಗೆ ಹಸಿವು ಕಡಿಮೆ ಆಗ್ತದೆ, ಓಡಾಟ ಕಡಿಮೆ ಆಗ್ತದೆ, ಅನ್ನದ ಅಗತ್ಯ ಇಳೀತದೆ, ಅದೆಲ್ಲ ನಿಜ. ಪ್ರೊಟೀನಿನ ಅಗತ್ಯ ಮಾತ್ರ ಉಲ್ಟಾ, ಏರ್ತದೆ. ಯಾಕೆ ಅಂದ್ರೆ ಹರೆಯದಲ್ಲಿ ಸ್ವಲ್ಪ ಪ್ರೊಟೀನ್ ಸಿಕ್ಕಿದ ಕೂಡ್ಲೆ ಮಾಂಸಖಂಡ ಅದನ್ನು ಹಿಡಿದು ತನ್ನ ರಿಪೇರಿಗೆ ಬಳಸ್ತದೆ, 65 ದಾಟಿದ ಮೇಲೆ ಅಷ್ಟೇ ಕೊಟ್ರೆ ಅದಕ್ಕೆ ಮುಟ್ಟುದೇ ಇಲ್ಲ, ಜಾಸ್ತಿ ಕೊಟ್ರೆ ಮಾತ್ರ ಎಚ್ಚರ ಆಗ್ತದೆ. ಹೀಗೆ ಪ್ರಾಯದ ಜೊತೆ ಮಾಂಸಖಂಡ ಕರಗುವುದಕ್ಕೆ 1989ರಲ್ಲಿ ಅಮೆರಿಕದ ಇರ್ವಿನ್ ರೋಸನ್‌ಬರ್ಗ್ ಅನ್ನುವ ಡಾಕ್ಟ್ರು ಸಾರ್ಕೊಪೀನಿಯಾ ಅಂತ ಹೆಸರು ಕೊಟ್ಟರು. 2013ರಲ್ಲಿ ವೃದ್ಧರ ಆಹಾರದ ಬಗ್ಗೆ ತಜ್ಞರ ಒಂದು ಗುಂಪು ಕೂತು ಹೇಳಿದ್ದು ಏನಂದ್ರೆ 65ರ ನಂತರ ಕೆಜಿಗೆ 1ರಿಂದ 1.2 ಗ್ರಾಂ ಬೇಕು, ಕಾಯಿಲೆ ಇದ್ರೆ 1.2ರಿಂದ 1.5. ನಿಮ್ಮ ಅತ್ತೆಯ ಲೆಕ್ಕದಲ್ಲಿ ಕನಿಷ್ಠ 48, ಚೆನ್ನಾಗಿ ಅಂದ್ರೆ 58 ಗ್ರಾಂ.

ಈಗ ಅವರು ತಿನ್ನುವುದರಲ್ಲಿ ಎಷ್ಟುಂಟು ನೋಡುವ. ನಿಮ್ಮ ಪತ್ರ ಓದಿದ ದಿನ ನಾನು ಅಡುಗೆಮನೆಯ ಸಣ್ಣ ತಕ್ಕಡಿ ತೆಗ್ದು ನಮ್ಮ ಸಾರಿಗೆ ಹಾಕುವ ತೊಗರಿಬೇಳೆ ತೂಗಿದೆ. ಒಂದು ಹಿಡಿ ಬೇಳೆ, 60 ಗ್ರಾಂ. ಅದರಲ್ಲಿ ಪ್ರೊಟೀನ್ 13 ಗ್ರಾಂ, ಉಣ್ಣುವವರು ಐದು ಜನ, ತಲೆಗೆ ಎರಡೂವರೆ ಗ್ರಾಂ ಬಂತು. ಅದೂ ಸೌಟನ್ನು ತಳಕ್ಕೆ ಇಳಿಸಿ ಬಡಿಸಿದ್ರೆ, ಮೇಲಿನ ತಿಳಿ ಮಾತ್ರ ಬಡಿಸಿದ್ರೆ ಅದೂ ಇಲ್ಲ. ಬೇಳೆ ಸಾರು ಉಂಡೆವು, ಪ್ರೊಟೀನ್ ಆಯ್ತು ಅಂತ ನಾವೆಲ್ಲ ಸಮಾಧಾನ ಮಾಡ್ಕೊಳ್ಳುದು ಇಷ್ಟಕ್ಕೆ! ಅತ್ತೆಯ ದೋಸೆ ಗಂಜಿ ಸೇರಿ ದಿನಕ್ಕೆ 150 ಗ್ರಾಂ ಅಕ್ಕಿ ಇರಬಹುದು, ಅದರಲ್ಲಿ 11 ಗ್ರಾಂ. ಮಜ್ಜಿಗೆ ಎರಡು ಲೋಟ ಕುಡಿದ್ರೂ ಅದರೊಳಗಿನ ಮೊಸರು ಅರ್ಧ ಕಪ್ಪು, 3 ಗ್ರಾಂ, ಕಾಫಿಯ ಹಾಲು ಇನ್ನೊಂದು 3. ಎಲ್ಲ ಕೂಡಿಸಿದ್ರೆ 20ರ ಹತ್ರ. ಬೇಕಾದ್ದರ ಅರ್ಧವೂ ಇಲ್ಲ.

ಹಾಗಂತ ಗಂಜಿ ಬಿಡಿಸಬೇಡಿ, 76 ವರ್ಷದ ನಾಲಗೆಯ ಹತ್ರ ಜಗಳ ಮಾಡಿ ಗೆದ್ದವರಿಲ್ಲ. ಗಂಜಿಯ ಜೊತೆಗೆ ಹೋಗುವುದನ್ನು ಬದಲಿಸಿ. ನಮ್ಮ ನೆರೆಕರೆಯ ಮಲಯಾಳಿಗಳು ಕಂಞಿ ಪಯರ್ ಅಂತ ಗಂಜಿಗೆ ಹೆಸರುಕಾಳಿನ ಪಲ್ಯ ಸೇರಿಸಿ ಉಣ್ತಾರಲ್ಲ, ಅದಕ್ಕಿಂತ ಒಳ್ಳೆ ಜೋಡಿ ಹುಡುಕಿದ್ರೂ ಸಿಗ್ಲಿಕ್ಕಿಲ್ಲ. ಅಕ್ಕಿಯ ಪ್ರೊಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ, ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಅದು ಅಕ್ಕಿಯಲ್ಲಿ ಉಂಟು, ಒಂದರ ಕೊರತೆ ಇನ್ನೊಂದು ತುಂಬಿಸ್ತದೆ. 30 ಗ್ರಾಂ ಹೆಸರು ನೆನೆಸಿ ಮೆತ್ತಗೆ ಬೇಯಿಸಿ ತೆಂಗಿನಕಾಯಿ ಹಾಕಿ ಗಸಿ ಮಾಡಿದ್ರೆ 7 ಗ್ರಾಂ. ರಾತ್ರಿ ಒಂದು ಲೋಟ ಹಾಲು 6 ಗ್ರಾಂ, ಮಧ್ಯಾಹ್ನ ನೀರು ಮಜ್ಜಿಗೆಯ ಬದಲು ಒಂದು ಕಪ್ ಗಟ್ಟಿ ಮೊಸರು 5 ಗ್ರಾಂ ಹತ್ರ. ನೆಲಗಡಲೆ 30 ಗ್ರಾಂ, ಹಲ್ಲಿಲ್ಲದಿದ್ರೆ ಹುರಿದು ಪುಡಿ ಮಾಡಿ ಚಟ್ನಿಗೆ, ಇನ್ನೊಂದು 7. ಸಾರಿಗೆ ಹಾಕುವ ಬೇಳೆ ಒಂದು ಹಿಡಿ ಇದ್ದದ್ದನ್ನು ಎರಡು ಹಿಡಿ ಮಾಡಿ, ಮನೆಮಂದಿಗೆಲ್ಲ ಆಯ್ತು. ಅಲ್ಲಿಗೆ 48ರ ಹತ್ರ ಬಂತು ನೋಡಿ, ಒಂದು ಪ್ಯಾಕೆಟ್ ಪೌಡರ್ ತರದೆ. ಹುರುಳಿ ಸಾರು, ಅಲಸಂಡೆ ಬೀಜದ ಬೆಂದಿ, ಉದ್ದಿನ ದೋಸೆ ಇದೆಲ್ಲ ನಡುನಡುವೆ ಬರ್ಲಿ. ಕೇರಳ ಸರ್ಕಾರದ ಮಾವೇಲಿ ಸ್ಟೋರಿನಲ್ಲಿ ಬೋರ್ಡು ಮಲಯಾಳದಲ್ಲಿ ಇರ್ತದೆ ಅಂತ ಕೆಲವರು ತೊಗರಿ ಒಂದೇ ತಗೊಂಡು ಬರ್ತಾರೆ, ಚೆರುಪಯರ್ ಅಂದ್ರೆ ಹೆಸರುಕಾಳು, ವನ್‌ಪಯರ್ ಅಂದ್ರೆ ಅಲಸಂಡೆ ಬೀಜ, ಮುದಿರ ಅಂದ್ರೆ ನಮ್ಮ ಹುರುಳಿ, ಕೇಳಿ ತನ್ನಿ.

ಎಲ್ಲ ಒಂದೇ ಹೊತ್ತಿಗೆ ಕೊಡ್ಬೇಡಿ, ಮೂರು ಹೊತ್ತಿಗೆ ಹಂಚಿ, ಬೆಳಗ್ಗಿನ ನೀರ್ದೋಸೆಗೂ ಬರೀ ಬೆಲ್ಲ ಕಾಯಿ ಕೊಟ್ಟು ಬಿಡುದಲ್ಲ. ಮತ್ತೆ ಮುಖ್ಯ ವಿಷಯ, ಬರೀ ತಿಂದ್ರೆ ಮಾಂಸಖಂಡ ಬರುದಿಲ್ಲ, ಕೆಲಸ ಕೊಟ್ರೆ ಮಾತ್ರ ಬರ್ತದೆ. ಗಟ್ಟಿ ಕುರ್ಚಿಯಿಂದ ನೀವು ಹತ್ತಿರ ನಿಂತು ದಿನಕ್ಕೆ ಎರಡು ಸಲ ಐದೈದು ಬಾರಿ ಎದ್ದು ಕೂರಿಸಿ, ನಿಧಾನ ಹತ್ತಕ್ಕೆ ಏರಿಸಿ. ಕಾಲಿನ ಬಲ ಹೋಗುದಕ್ಕೆ ವಿಟಮಿನ್ ಡಿ, ಬಿ12, ಥೈರಾಯ್ಡ್ ಕೂಡ ಕಾರಣ ಇರಬಹುದು, ಒಮ್ಮೆ ರಕ್ತ ಟೆಸ್ಟ್ ಮಾಡಿಸಿ, ಅದರಲ್ಲಿಯೇ ಕಿಡ್ನಿಯದ್ದೂ ನೋಡಿಸಿ, ಯಾಕೆ ಅಂತ ಕೆಳಗೆ ಇನ್ನೊಂದು ಉತ್ತರದಲ್ಲಿ ಬರ್ತದೆ.

ಪ್ರಶ್ನೆ: ನಂಗೆ 22 ವರ್ಷ, 60 ಕೆಜಿ, ಆರು ತಿಂಗಳಿಂದ ಜಿಮ್. ಫ್ರೆಂಡ್ಸ್ ದಿನಕ್ಕೆ 130 ಗ್ರಾಂ ಪ್ರೊಟೀನ್ ಇಲ್ಲದಿದ್ರೆ ಬಾಡಿ ಬರುದಿಲ್ಲ, ಪೌಡರ್ ತಗೋ ಅಂತಾರೆ. ಅಪ್ಪ ಕಿಡ್ನಿ ಹಾಳಾಗ್ತದೆ ಅಂತ ಬೈತಾರೆ.
(ಉಪ್ಪಳದಿಂದ ಒಬ್ಬ ಓದುಗ)

ಉತ್ತರ: ತಮ್ಮಾ, 130 ನಿಂಗೆ ಬೇಡ. ಭಾರ ಎತ್ತಿ ವ್ಯಾಯಾಮ ಮಾಡುವವರಿಗೆ ಕೆಜಿಗೆ 1.2ರಿಂದ ಹಿಡಿದು 2ರೊಳಗೆ ಅಂತ ಕ್ರೀಡಾ ವೈದ್ಯಕೀಯದವರು ಹೇಳ್ತಾರೆ, ನಿಂಗೆ 75ರಿಂದ 95 ಧಾರಾಳ ಆಯ್ತು. ಮೂರು ಮೊಟ್ಟೆ 18, ಕೋಳಿಯೋ ಮೀನೋ 100 ಗ್ರಾಂ 20, ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ಹಾಲು 13, ನೆನೆಸಿದ ಕಡ್ಲೆಯೋ ಹೆಸರೋ 50 ಗ್ರಾಂ 11, ಒಂದು ಹಿಡಿ ನೆಲಗಡಲೆ 7, ಇಡೀ ದಿನದ ಅಕ್ಕಿಯಲ್ಲಿ ಇನ್ನೊಂದು 20, ಎಲ್ಲ ಮನೆಯಲ್ಲೇ ಉಂಟಲ್ಲ. ಬೆಳಿಗ್ಗೆ ಪುಟ್ಟು ಕಡಲೆ ತಿಂದು ಜಿಮ್ಮಿಗೆ ಹೋಗುವವನಿಗೆ ಡಬ್ಬಿ ಬೇಡ. ಮಸಲ್ ಬೆಳೆಸ್ಲಿಕ್ಕೆ ಪ್ರೊಟೀನ್ ಪೌಡರ್ ಬೇಡ ಅಂತ ಅದೇ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅಪ್ಪನ ಹೆದರಿಕೆಯ ಬಗ್ಗೆ, ಆರೋಗ್ಯವಾಗಿರುವ ಕಿಡ್ನಿ ಇಷ್ಟಕ್ಕೆಲ್ಲ ಹಾಳಾಗುದಿಲ್ಲ, ಆದ್ರೆ ಕಿಡ್ನಿ ಆರೋಗ್ಯವಾಗಿ ಉಂಟಾ ಅಂತ ಒಮ್ಮೆ ಕ್ರಿಯಾಟಿನಿನ್ (ಕಿಡ್ನಿ ಸೋತ್ರೆ ರಕ್ತದಲ್ಲಿ ಏರುವ ಅಂಶ), ಬಿಪಿ ನೋಡಿಸಿಕೊಳ್ಳುದರಲ್ಲಿ ತಪ್ಪೇನಿಲ್ಲ, ಅಪ್ಪನಿಗೂ ಸಮಾಧಾನ.

ಪ್ರಶ್ನೆ: ಹೆಂಡತಿಗೆ ಏಳನೇ ತಿಂಗಳು, ಮೊದಲ ಹೆರಿಗೆ. ನಮ್ಮಮ್ಮ "ಜಾಸ್ತಿ ತಿಂದ್ರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ ಆಗ್ತದೆ, ಮೀನು ಉಷ್ಣ" ಅಂತ ಕಡಿಮೆ ಬಡಿಸ್ತಾರೆ. ನಂಗೆ ಮಧ್ಯದಲ್ಲಿ ಮಾತಾಡ್ಲಿಕ್ಕೆ ಕಷ್ಟ. ನೀವು ಬರೆದ್ರೆ ಅಮ್ಮನಿಗೆ ಓದಿ ಹೇಳ್ತೇನೆ.
(ಕುಂಬಳೆ)

ಉತ್ತರ: ಹಾಗಾದ್ರೆ ಇದನ್ನು ಅಮ್ಮನಿಗೇ ಬರೀತೇನೆ. ಅಮ್ಮಾ, ನಿಮ್ಮ ಹೆದರಿಕೆ ನಂಗೆ ಅರ್ಥ ಆಗ್ತದೆ, ನಿಮ್ಮ ಕಾಲದಲ್ಲಿ ಆಸ್ಪತ್ರೆ ದೂರ, ಮಗು ದೊಡ್ಡದಾದ್ರೆ ತಾಯಿಯ ಜೀವಕ್ಕೇ ಬರ್ತಿತ್ತು. ಈಗ ನಿಮ್ಮ ಸೊಸೆಗೆ ಆಗಾಗ ಚೆಕಪ್ಪು, ಸ್ಕ್ಯಾನು, ಶುಗರ್ ಟೆಸ್ಟು ಉಂಟು, ಮಗು ಅಳತೆ ಮೀರಿದ್ರೆ ಡಾಕ್ಟ್ರಿಗೆ ಮೊದಲೇ ಗೊತ್ತಾಗ್ತದೆ, ಮತ್ತೆ ಹಾಗೆ ಮಗು ತೀರಾ ದೊಡ್ಡದಾಗುದಕ್ಕೆ ಹೆಚ್ಚಾಗಿ ಕಾರಣ ತಾಯಿಯ ಶುಗರ್, ಒಂದು ತುಂಡು ಬಂಗುಡೆ ಅಲ್ಲ. ಈ ಕೊನೆಯ ಮೂರು ತಿಂಗಳಲ್ಲಿ ಹೊಟ್ಟೆಯ ಮಗು ಬೆಳೆಯುವ ವೇಗ ಎಲ್ಲಕ್ಕಿಂತ ಜಾಸ್ತಿ. ನಾಲ್ಕರಿಂದ ಆರು ತಿಂಗಳವರೆಗೆ ದಿನಕ್ಕೆ ಸುಮಾರು 9.5 ಗ್ರಾಂ ಹೆಚ್ಚು ಪ್ರೊಟೀನ್ ಬೇಕಾದ್ರೆ ಏಳನೇ ತಿಂಗಳಿಂದ 22 ಗ್ರಾಂ ಹೆಚ್ಚು. 46 ಇದ್ದದ್ದು 68. ನಿಮ್ಮ ಮಗನಿಗೆ, ಅದೇ 65 ಕೆಜಿ ಗಂಡಸಿಗೆ, ಬೇಕಾದ್ದು 54 ಅಂತ ಮೇಲೆ ಬರೆದೆನಲ್ಲ, ಅಂದ್ರೆ ಈ ಮನೆಯಲ್ಲಿ ಈಗ ಎಲ್ಲರಿಗಿಂತ ಜಾಸ್ತಿ ಪ್ರೊಟೀನ್ ಬೇಕಾದವಳು ನಿಮ್ಮ ಸೊಸೆ. ಮೀನಿನ ನಡು ತುಂಡು ಅವಳ ಬಟ್ಟಲಿಗೆ ಹೋಗ್ಬೇಕು.

ಒಂದು ಮಧ್ಯಮ ಬಂಗುಡೆಯಲ್ಲಿ ಮುಳ್ಳು ತೆಗೆದು 80 ಗ್ರಾಂ ಸಿಕ್ಕಿದ್ರೆ 15 ಗ್ರಾಂ ಪ್ರೊಟೀನ್, ಬೂತಾಯಿಯೂ ಹಾಗೆಯೇ, ಮಗುವಿನ ಮಿದುಳಿಗೆ ಬೇಕಾದ ಒಳ್ಳೆ ಕೊಬ್ಬು ಬೇರೆ ಉಂಟು. ತಾಟೆಯಂಥ ದೊಡ್ಡ ಮೀನು ಈಗ ಬೇಡ, ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನಿನಲ್ಲಿ ಪಾದರಸ ಜಮೆ ಆಗಿರ್ತದೆ, ಸಣ್ಣ ಮೀನೇ ಒಳ್ಳೇದು. ಒಂದು ಮೊಟ್ಟೆ, ಎರಡು ಲೋಟ ಹಾಲು, ಒಂದು ಕಪ್ ಕಾಳು ಪಲ್ಯ, ಅಷ್ಟೇ. ಹೊಟ್ಟೆ ಮೇಲೆ ಬಂದು ಒಮ್ಮೆಲೆ ಉಣ್ಲಿಕ್ಕೆ ಆಗದಿದ್ರೆ ಸ್ವಲ್ಪ ಸ್ವಲ್ಪ ಐದು ಸಲ ಕೊಡಿ.

ಮತ್ತೆ ಹೆರಿಗೆ ಆದ ಮೇಲೆ. ನಮ್ಮಲ್ಲಿ ಬಾಣಂತಿಗೆ ಬೇಳೆ ವಾಯು, ಮೀನು ನಂಜು ಅಂತ 40 ದಿನ ಅನ್ನ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿಯಲ್ಲೇ ಇಡುವ ಮನೆಗಳುಂಟು. ಹಾಲೂಡಿಸುವ ಮೊದಲ ಆರು ತಿಂಗಳು ದಿನಕ್ಕೆ 17 ಗ್ರಾಂ ಹೆಚ್ಚು ಬೇಕು, ನಂತರದ ಆರು ತಿಂಗಳು 13. ಊಟದಲ್ಲಿ ಸಿಗದಿದ್ರೂ ಹಾಲು ಬರ್ತದೆ, ಯಾಕೆ ಅಂದ್ರೆ ದೇಹ ತಾಯಿಯ ಮಾಂಸಖಂಡದಿಂದಲೇ ತೆಗೆದು ಕೊಡ್ತದೆ. ಬಾಣಂತನ ಮುಗಿಯುವಾಗ ಸೊಂಟ ಬೆನ್ನು ಹಿಡಿದುಕೊಂಡು ನಡೆಯುವ ಎಷ್ಟು ಹೆಂಗಸರನ್ನು ನಾವು ನೋಡಿಲ್ಲ ಹೇಳಿ ಅಮ್ಮಾ. ಬೆಳ್ಳುಳ್ಳಿ, ಮೆಂತೆ ಗಂಜಿ ಎಲ್ಲ ಕೊಡಿ, ಅದು ಒಳ್ಳೇದೇ, ಜೊತೆಗೆ ಮೊಟ್ಟೆ, ಹೆಸರುಬೇಳೆ, ಮೀನು ಕೂಡ ಇರ್ಲಿ.

ಪ್ರಶ್ನೆ: ತಂದೆಗೆ 58, ಹದಿನೈದು ವರ್ಷದಿಂದ ಶುಗರ್. ಕ್ರಿಯಾಟಿನಿನ್ 2.4, ತೂಕ 60. ಒಬ್ಬರು ಬೇಳೆ, ಮೀನು, ಹಾಲು ಪೂರ್ತಿ ಬಂದ್ ಅಂದ್ರು, ಅದೇ ಪ್ರಕಾರ ಎರಡು ತಿಂಗಳಿಂದ ಅನ್ನ ತಿಳಿಸಾರು ಮಾತ್ರ, 4 ಕೆಜಿ ಇಳಿದಿದ್ದಾರೆ. ಪಕ್ಕದ ಮನೆಯ ಡಯಾಲಿಸಿಸ್ ಮಾಡಿಸುವವರಿಗೆ ಮಾತ್ರ ದಿನಾ ಮೊಟ್ಟೆ ತಿನ್ಲಿಕ್ಕೆ ಹೇಳಿದ್ದಾರಂತೆ. ತಂದೆಯವರ ಮೂತ್ರದಲ್ಲಿ ಪ್ರೊಟೀನ್ ಹೋಗ್ತದೆ ಅಂತ ರಿಪೋರ್ಟಿನಲ್ಲಿ ಉಂಟು, ಹಾಗಾದ್ರೆ ಹೋದಷ್ಟು ತಿನ್ಬೇಕಲ್ವಾ?
(ಮಂಜೇಶ್ವರ)

ಉತ್ತರ: ಈ ಪತ್ರ ಓದಿ ತುಂಬ ಬೇಸರ ಆಯ್ತು, ಯಾಕೆ ಅಂದ್ರೆ ಇಂಥ ಗೊಂದಲದಲ್ಲಿ ಸೊರಗಿ ಹೋದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದೊಂದಾಗಿ ಹೇಳ್ತೇನೆ.

ಪ್ರೊಟೀನ್ ದೇಹದಲ್ಲಿ ಬಳಕೆ ಆದ ಮೇಲೆ ಉಳಿಯುವ ಸಾರಜನಕದ ಕಸ ಯೂರಿಯಾ ಆಗಿ ಕಿಡ್ನಿಯ ಮೂಲಕ ಹೊರಗೆ ಹೋಗ್ಬೇಕು. ಕಿಡ್ನಿ ಸೋತಿರುವಾಗ ಅತಿಯಾಗಿ ತಿಂದ್ರೆ ಅದಕ್ಕೆ ಹೊರೆ, ಅದಕ್ಕೆ ಮಿತಿ ಹೇಳುದು. ಆದ್ರೆ ಮಿತಿ ಅಂದ್ರೆ ಬಂದ್ ಅಲ್ಲ. ಡಯಾಲಿಸಿಸ್ ಇಲ್ಲದೆ ಕಿಡ್ನಿ ಕಾಯಿಲೆ ಮೂರನೇ ಹಂತಕ್ಕೆ ಅಥವಾ ಅದರಿಂದ ಮುಂದೆ ಹೋದವರಿಗೆ ಕೆಜಿಗೆ 0.8 ಗ್ರಾಂ ಇಟ್ಟುಕೊಳ್ಳಿ, 1.3 ಮೀರಬೇಡಿ ಅಂತ ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ 2024ರಲ್ಲಿ ಹೇಳಿದೆ. 0.8 ಅಂದ್ರೆ ಹೆಚ್ಚುಕಡಿಮೆ ಆರೋಗ್ಯವಂತರ ಲೆಕ್ಕವೇ ಅಲ್ವಾ, ನಿಮ್ಮ ತಂದೆಗೆ 48 ಗ್ರಾಂ. ಅನ್ನ ತಿಳಿಸಾರಿನಲ್ಲಿ 20 ಕೂಡ ಸಿಗುದಿಲ್ಲ. ಕೊಡದೆ ಇದ್ರೆ ದೇಹ ತನ್ನ ಮಾಂಸಖಂಡವನ್ನೇ ಒಡೆದು ಉಪಯೋಗಿಸ್ತದೆ, ಅದರ ಯೂರಿಯಾ ಪುನಃ ಅದೇ ಕಿಡ್ನಿಗೆ ಬರ್ತದೆ, ಆ 4 ಕೆಜಿಯಲ್ಲಿ ಮಾಂಸಖಂಡವೂ ಹೋಗಿರ್ತದೆ. ಜೊತೆಗೆ ಶುಗರಿನವರಿಗೆ ಬರೀ ಅನ್ನ, ಅದು ಇನ್ನೊಂದು ತೊಂದರೆ.

ಪಕ್ಕದ ಮನೆಯವರ ಕಥೆಯೇ ಬೇರೆ. ಡಯಾಲಿಸಿಸ್‌ನಲ್ಲಿ ಕಸದ ಜೊತೆ ಪ್ರತಿ ಸಲವೂ ಕೆಲವು ಗ್ರಾಂ ಅಮಿನೋ ಆಸಿಡ್, ಅಂದ್ರೆ ಪ್ರೊಟೀನಿನ ಸಣ್ಣ ತುಂಡುಗಳು ಕೂಡ ತೊಳೆದು ಹೋಗ್ತದೆ, ಅದಕ್ಕೆ ಅವರಿಗೆ ಕೆಜಿಗೆ 1ರಿಂದ 1.2 ಗ್ರಾಂ. ಕಾಯಿಲೆಯ ಹೆಸರು ಒಂದೇ, ಹಂತ ಬೇರೆ, ಊಟವೂ ಬೇರೆ. ಅವರ ಚೀಟಿ ನೋಡಿ ಇವರಿಗೆ ಬಡಿಸ್ಬೇಡಿ, ಇವರದ್ದನ್ನು ನೋಡಿ ಅವರಿಗೂ.

ಮೂತ್ರದಲ್ಲಿ ಹೋಗುವ ಪ್ರೊಟೀನ್ ಅಂದ್ರೆ ಕಿಡ್ನಿಯ ಜರಡಿ ತೂತಾಗಿದೆ ಅಂತ ಅರ್ಥ. ಹೆಚ್ಚು ಸುರಿದ್ರೆ ತೂತಿನಲ್ಲಿ ಹೆಚ್ಚು ಸೋರ್ತದೆ, ತುಂಬುದಿಲ್ಲ. ಅದಕ್ಕೆ ಶುಗರ್, ಬಿಪಿ ಹಿಡಿತದಲ್ಲಿ ಇಡುವ ಮದ್ದು ಮುಖ್ಯ. ನೀವು ಮಂಗಳೂರಿಗೆ ಹೋಗಿ ತೋರಿಸುವಾಗ ಕಿಡ್ನಿ ಡಾಕ್ಟ್ರ ಜೊತೆ ಅಲ್ಲಿಯ ಡಯೆಟಿಷಿಯನ್ ಹತ್ರವೂ ಅರ್ಧ ಗಂಟೆ ಕೂತು, ಪೊಟ್ಯಾಸಿಯಂ ರಿಪೋರ್ಟ್ ಹಿಡ್ಕೊಂಡು, ಯಾವ ಕಾಳು ಎಷ್ಟು ಅಂತ ಬರೆಸಿಕೊಂಡು ಬನ್ನಿ. ಅಲ್ಲಿಯವರೆಗೆ ತಂಪಾಗ್ಲಿ ಅಂತ ಬೊಂಡ (ಎಳನೀರು) ಕೊಡ್ಬೇಡಿ, ಬೊಂಡದಲ್ಲಿ ಪೊಟ್ಯಾಸಿಯಂ ತುಂಬ, ಸೋತ ಕಿಡ್ನಿಗೆ ಅದನ್ನು ಸರಿಯಾಗಿ ಹೊರಗೆ ಹಾಕ್ಲಿಕ್ಕೆ ಆಗುದಿಲ್ಲ. ಧಾರೆಹುಳಿ ಮತ್ತೆ ಬಿಂಬುಳಿ ಅಂತೂ ಕಿಡ್ನಿ ತೊಂದರೆ ಇರುವವರ ಹತ್ತಿರವೂ ಬರಬಾರದು. ಬಿಂಬುಳಿ ಜ್ಯೂಸ್ ಕುಡಿದು ಕಿಡ್ನಿ ಕೆಟ್ಟವರ ಬಗ್ಗೆ ಕೇರಳದ ಡಾಕ್ಟ್ರುಗಳೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ, ನಮ್ಮ ಹಿತ್ತಿಲಲ್ಲಿ ರಾಶಿ ರಾಶಿ ಆಗ್ತದೆ ಅಂತ ಕೊಲೆಸ್ಟ್ರಾಲಿಗೆ ಮದ್ದು ಅಂತ ಯಾರೂ ಕುಡೀಬೇಡಿ.

ಪ್ರಶ್ನೆ: ಮಗನಿಗೆ 5 ವರ್ಷ, ಸಪೂರ. ಹಾಲಿಗೆ ಹಾಕುವ ಪೌಡರ್ ಕೊಡ್ತಾ ಇದ್ದೇನೆ, ಪ್ರೊಟೀನ್ ಸಾಕಾ?
(ಬದಿಯಡ್ಕ)

ಉತ್ತರ: 4ರಿಂದ 6 ವರ್ಷದ ಮಕ್ಕಳಿಗೆ ದಿನಕ್ಕೆ 16 ಗ್ರಾಂ ಸಾಕು ಅಕ್ಕ. ಒಂದು ಮೊಟ್ಟೆ, ಒಂದು ಲೋಟ ಹಾಲು, ಎರಡು ಹೊತ್ತು ಬೇಳೆ ಅನ್ನ, ಮುಗೀತು. ಪೌಡರಿನ ಪ್ಯಾಕೆಟ್ ಹಿಂದೆ ಸಕ್ಕರೆ ಎಷ್ಟುಂಟು ಓದಿ, ಆ ಲೋಟದಲ್ಲಿ ಪ್ರೊಟೀನ್ ಬರುದು ಹೆಚ್ಚಾಗಿ ಹಾಲಿನಿಂದಲೇ. ಸಣ್ಣ ಮಗುವೂ ಇದ್ರೆ ಅಂಗನವಾಡಿಯಲ್ಲಿ ಕೊಡುವ ಅಮೃತಂ ಪೊಡಿ ಬಿಸಾಡಬೇಡಿ, ಗೋಧಿ, ಕಡ್ಲೆ, ನೆಲಗಡಲೆ, ಸೋಯಾ ಸೇರಿಸಿ ಕುಟುಂಬಶ್ರೀ ಮಹಿಳಾ ಸಂಘದವರು ಮಾಡುದು ಅದು. ಮತ್ತೆ ಹೆಣ್ಣುಮಕ್ಕಳಿರುವ ಮನೆಯವರು ನೋಡಿ, 10ರಿಂದ 12 ವರ್ಷದಲ್ಲಿ ಹುಡುಗರಿಗೆ 32 ಗ್ರಾಂ ಆದ್ರೆ ಹುಡುಗಿಯರಿಗೆ 33, ಹುಡುಗಿಯರು ಮೊದಲು ಉದ್ದ ಆಗ್ತಾರಲ್ಲ, ಅದಕ್ಕೆ.

ಪ್ರಶ್ನೆ: ತಮ್ಮನಿಗೆ ಟಿಬಿ ಅಂತ ಗೊತ್ತಾಗಿ ಮೂರು ವಾರ. 34 ವರ್ಷ, 42 ಕೆಜಿಗೆ ಇಳಿದಿದ್ದಾನೆ. ಮದ್ದು ಸರಿಯಾಗಿ ತಗೊಳ್ತಾನೆ. ಜೀರ್ಣ ಆಗ್ಲಿಕ್ಕಿಲ್ಲ ಅಂತ ಗಂಜಿ ಮಾತ್ರ ಕೊಡ್ತೇವೆ, ಸರಿಯಾ?
(ಮುಳ್ಳೇರಿಯ)

ಉತ್ತರ: ಸರಿಯಲ್ಲ ಅಣ್ಣ, ಇವತ್ತೇ ಬದಲಿಸಿ. ಟಿಬಿಯಲ್ಲಿ ಮದ್ದಿನ ಜೊತೆ ಊಟವೂ ಕೆಲಸ ಮಾಡ್ತದೆ ಅಂತ ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಮಂಗಳೂರಿನವರೇ, ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಜಾರ್ಖಂಡಿನಲ್ಲಿ ಅವರ ತಂಡ ಟಿಬಿ ಇದ್ದವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಕೊಟ್ಟಿತು, ದಿನಕ್ಕೆ ಲೆಕ್ಕ ಹಾಕಿದ್ರೆ 52 ಗ್ರಾಂ ಪ್ರೊಟೀನ್ ಬರುವಷ್ಟು, ಮನೆಯವರಿಗೂ ಅಕ್ಕಿ ಬೇಳೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು, ಹೆಚ್ಚುವರಿ ಆಹಾರ ಸಿಕ್ಕಿದ ಮನೆಯವರಲ್ಲಿ ಹೊಸದಾಗಿ ಟಿಬಿ ಬರುದು ಶೇಕಡಾ 39 ಕಡಿಮೆ ಆಯ್ತು, ಮತ್ತೆ ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ತುಂಬ ಕಡಿಮೆ. ಬೇಳೆ ಅಕ್ಕಿಯಿಂದ ಆದದ್ದು ಇದು!

ತಮ್ಮನಿಗೆ ಕೆಜಿಗೆ 1.2ರಿಂದ 1.5 ಗ್ರಾಂ ಬೇಕು, ಅದೂ ಈಗಿನ 42ಕ್ಕೆ ಅಲ್ಲ, ಇರಬೇಕಾದ ತೂಕಕ್ಕೆ, 55 ಅಂತ ಇಟ್ಟುಕೊಂಡ್ರೆ 65ರಿಂದ 80. ಗಂಜಿಗೆ ಹೆಸರುಬೇಳೆ ಸೇರಿಸಿ ಬೇಯಿಸಿ, ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು, ಮೀನು, ನೆಲಗಡಲೆ. ಹಸಿವಿಲ್ಲ ಅಂತಾನೆ, ವಾಕರಿಕೆ ಇರ್ತದೆ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಕಣ್ಣು ಹಳದಿ ಆದ್ರೆ, ವಾಂತಿ ನಿಲ್ಲದಿದ್ರೆ ಅದು ಮದ್ದಿನಿಂದ ಲಿವರಿಗೆ ತೊಂದರೆ ಇರಬಹುದು, ಕೂಡ್ಲೆ ಆಸ್ಪತ್ರೆಗೆ ಹೋಗಿ. ಟಿಬಿ ಇದ್ದವರ ಊಟಕ್ಕೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ನಡೆಯುವಷ್ಟು ಕಾಲ ತಿಂಗಳಿಗೆ 500 ರೂಪಾಯಿ ಬರ್ತಿತ್ತು, 2024ರ ನವೆಂಬರಿನಿಂದ 1000 ಆಗಿದೆ, ಬ್ಯಾಂಕ್ ಪಾಸ್‌ಬುಕ್ ಕೊಟ್ಟಿದ್ದೀರಾ ಅಂತ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿಯೇ 15 ದಿನಕ್ಕೊಮ್ಮೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. 42 ಇದ್ದದ್ದು 44 ಆದ ದಿನ ನಂಗೊಂದು ಮೆಸೇಜ್ ಹಾಕಿ.